ಹಡಗಿನ ಊಟ ಕೆಡಿಸಿದವಳ ತಪ್ಪೊಪ್ಪಿಗೆ

ಫಾರಂ ತುಂಬುವ ವಿಷಯದಲ್ಲಿ ನನ್ನಷ್ಟು ಅನುಭವ ಇರುವ ಹೆಂಗಸು ಅಹಮದಾಬಾದಿನ ಇಡೀ ಚಾಂದ್‌ಖೇಡಾದಲ್ಲಿ ಇನ್ನೊಬ್ಬಳಿಲ್ಲ ಎಂದು ನಾನು ನಂಬಿದ್ದೆ. ಓದಿದ್ದು ಆರನೇ ಇಯತ್ತೆ. ಆದರೆ ರೇಷನ್ ಕಾರ್ಡು, ಗ್ಯಾಸ್ ಕನೆಕ್ಷನ್, ಎಣ್ಣೆ ಕಂಪನಿಯಿಂದ ನಿವೃತ್ತರಾದ ನಮ್ಮ ಮನೆಯವರ ಪಿಂಚಣಿ, ಎಲ್ಲ ಫಾರಂಗಳೂ ನನ್ನ ಕೈ ದಾಟಿಯೇ ಹೋಗಿವೆ. ಅವುಗಳಿಂದ ನಾನು ಕಲಿತ ಸತ್ಯ ಒಂದೇ. ಫಾರಂನಲ್ಲಿ ‘ಹೌದು’ ಎಂದವರ ಕೆಲಸ ಆಗುತ್ತದೆ. ‘ಇಲ್ಲ’ ಎಂದವರ ಫಾರಂ ವಾಪಸ್ ಬರುತ್ತದೆ. ಬರುವಾಗ ಜೊತೆಗೆ ಇನ್ನೊಂದು ಫಾರಂ ಕರೆದುಕೊಂಡು ಬರುತ್ತದೆ!

ಈ ಸತ್ಯವನ್ನು ಹಿಡಿದುಕೊಂಡು ನಾನು ಸಮುದ್ರಕ್ಕೆ ಇಳಿದೆ. ಮುಳುಗಿದ್ದು ಹಡಗಲ್ಲ, ನಾನು.

ನನ್ನ ತಮ್ಮ ಮಲ್ಲೇಶಿ ಸೂರತ್‌ನಲ್ಲಿ ವಿಮಾ ಕಚೇರಿಯಲ್ಲಿದ್ದಾನೆ. ಮನೆ ಅಡಾಜಣ್‌ನಲ್ಲಿ. ನಮ್ಮ ಮೂಲ ಗದಗಿನ ಕಡೆ. ಅವ್ವ ಹಾಸಿಗೆ ಹಿಡಿದಾಗ ನನಗೆ ಹನ್ನೆರಡು ವರ್ಷ, ಅವನಿಗೆ ನಾಲ್ಕು. ನಾನು ಪಾಟಿಚೀಲ ಗೂಟಕ್ಕೆ ಹಾಕಿ ಒಲೆಯ ಮುಂದೆ ಕುಳಿತೆ. ಅವನು ತಾಟು ಹಿಡಿದು ನನ್ನ ಎದುರಿಗೆ ಕುಳಿತ. ರೊಟ್ಟಿ ಬಡಿಯುವಾಗ ಹೊಗೆಗೆ ನನ್ನ ಕಣ್ಣಲ್ಲಿ ನೀರು ಬಂದರೆ ಅವನೊಂದು ಮಾತು ಹೇಳುತ್ತಿದ್ದ: “ಅಕ್ಕಾ, ನಾ ದೊಡ್ಡಾಂವ ಆದ ಮ್ಯಾಲ ನಿನಗ ಊಟಕ್ಕ ಹಾಕ್ತೀನಿ. ನೀ ಸುಮ್ಮ ಕುಂದರಬೇಕು ಅಷ್ಟ.”

ಅವನು ದೊಡ್ಡವನಾದ. ನಾನು ಸುಮ್ಮನೆ ಕೂರಲಿಲ್ಲ. ಅಡಾಜಣ್‌ಗೆ ಹೋದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಅವರ ಅಡುಗೆಮನೆ ಹೊಕ್ಕು, ಅವನ ಹೆಂಡತಿ ರೇಖಾಳ ಕೈಯಿಂದ ಸೌಟು ಕಿತ್ತುಕೊಳ್ಳುವುದು ನನ್ನ ಚಟ. ಹೀಗಾಗಿ ನಾಲ್ಕು ವರ್ಷದವನು ಕೊಟ್ಟ ಮಾತು ಐವತ್ತೆರಡು ವರ್ಷದವನ ಮೇಲೆ ಹಾಗೇ ಉಳಿದಿತ್ತು.

ಈ ಜನವರಿಗೆ ನನಗೆ ಅರವತ್ತು ತುಂಬಿತು. ಮಲ್ಲೇಶಿ ಫೋನ್ ಮಾಡಿದ.

“ಅಕ್ಕಾ, ಮುಂಬೈದಿಂದ ಹಡಗಿನಾಗ ಹೋಗೂನು. ಎರಡು ರಾತ್ರಿ. ಎರಡನೇ ದಿನ ಸಂಜಿ ಎಂಟಕ್ಕ ನಿನ್ನ ಹೆಸರಲೆ ಬ್ಯಾರೇನ ಒಂದು ಟೇಬಲ್ ಹೇಳೇನಿ. ನಾವೆಲ್ಲ ಕೂಡಿ ನಿನ್ನ ನಡುಕ ಕುಂದರಿಸಿ ಉಣ್ಣಿಸೋದು. ನಡು ಸಮುದ್ರದಾಗ ನಿನಗ ಸೌಟು ಎಲ್ಲಿ ಸಿಗತೈತಿ ನೋಡೂನು!”

ನಾನು ನಕ್ಕೆ. ಫೋನ್ ಇಟ್ಟ ಮೇಲೆ ಸ್ವಲ್ಪ ಅತ್ತೆ. ಆಮೇಲೆ ಪಕ್ಕದ ಮನೆಯ ಕೋಕಿಲಾಬೆನ್‌ಗೆ ಹೇಳಲು ಹೋದೆ. ಅನಾಹುತ ಶುರುವಾಗಿದ್ದು ಅಲ್ಲಿಂದಲೇ.

ಕೋಕಿಲಾಬೆನ್ ಎರಡು ಸಲ ಹಡಗಿನಲ್ಲಿ ಹೋಗಿ ಬಂದವರು. ನಮ್ಮ ಸೊಸೈಟಿಯಲ್ಲಿ ಸಮುದ್ರದ ಬಗ್ಗೆ ಕೊನೆಯ ಮಾತು ಅವರದು. ಅವರು ಬಟಾಣಿ ಸುಲಿಯುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೋಗಿ ಬನ್ನಿ ನೀಲಾಬೆನ್, ಆದರೆ ಊಟ ಮೊದಲಿನ ಹಾಗಿಲ್ಲ” ಎಂದರು.

“ಏನಾಗಿದೆ?”

“ಏನಾಗಿಲ್ಲ ಕೇಳಿ! ಮೊದಲ ಸಲ ಹೋದಾಗ ಸಿಹಿತಿಂಡಿಯ ಮೇಜು ಸುತ್ತಿ ಬರುವಷ್ಟರಲ್ಲಿ ಕಾಲು ನೋವು ಬಂದಿತ್ತು. ಈ ಸಲ ನಿಂತಲ್ಲೇ ಎಲ್ಲ ಕಾಣಿಸಿತು. ದಾಲ್ ಅಂತೂ ಸಮುದ್ರಕ್ಕಿಂತ ತೆಳು. ನೀವೊಂದು ಕೆಲಸ ಮಾಡಿ. ಊಟದ ಫಾರಂ ಬಂದಾಗ ಜೈನ್ ಅಂತ ಒತ್ತಿ. ಅವರದು ಅಡುಗೆಮನೆಯೇ ಬೇರೆ, ಅಡುಗೆ ಮಾಡುವ ಮಹಾರಾಜರೇ ಬೇರೆ. ಬಿಸಿಬಿಸಿ, ತಾಜಾ. ಇಡೀ ಹಡಗಿನಲ್ಲಿ ಕೆಡದೆ ಉಳಿದ ಊಟ ಅದೊಂದೇ.”

ಮೂವತ್ತು ವರ್ಷದಿಂದ ಗುಜರಾತಿನಲ್ಲಿ ಇರುವವಳು ನಾನು. ಜೈನರ ಊಟದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರುವುದಿಲ್ಲ ಎಂದು ಗೊತ್ತಿತ್ತು. ಮಲ್ಲೇಶಿ ತಾಟಿನ ಪಕ್ಕದಲ್ಲಿ ಉಳ್ಳಾಗಡ್ಡಿ ಇಟ್ಟು, ಮುಷ್ಟಿಯಿಂದ ಗುದ್ದಿ ಒಡೆಯದೆ ಮೊದಲ ತುತ್ತು ಎತ್ತಿದವನಲ್ಲ ಎಂಬುದೂ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕಾಚಾರ. ಇಷ್ಟು ದೊಡ್ಡ ಹಡಗು, ಕೇಳಿದರೆ ಒಂದು ಉಳ್ಳಾಗಡ್ಡಿ ಕೊಡುವುದಿಲ್ಲವೇ!

ಮಲ್ಲೇಶಿಯ ಮನೆಯ ಮೇಲಿನ ಮಹಡಿಯಲ್ಲಿ ಹಸಮುಖ್‌ಭಾಯಿ ಎಂಬವರಿದ್ದಾರೆ. ಪ್ರವಾಸದ ಏಜೆಂಟ್. ಮಲ್ಲೇಶಿಗೆ ಹದಿನೈದು ವರ್ಷದ ಗೆಳೆಯ. ಹಬ್ಬಕ್ಕೆ ಇಬ್ಬರ ಮನೆಯ ನಡುವೆ ಡಬ್ಬಿಗಳು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತವೆ. ಟಿಕೆಟ್ ಮಾಡಿಸಿದ್ದು ಅವರೇ. ಅವರು ಊಟದ ಫಾರಂನ ಕೊಂಡಿಯನ್ನು ಮಲ್ಲೇಶಿಗೆ ಕಳಿಸಿದರು. ಅವನು ನನಗೆ ಕಳಿಸಿದ. “ಊಟದ ಮಾತು ನಮ್ಮಕ್ಕಂದು. ಐದೂ ಮಂದಿದು ನೀನ ಬರಿ” ಎಂದ. ಆ ಐದರಲ್ಲಿ ನಾವಿಬ್ಬರು, ಅವರು ಮೂವರು.

ಆ ಭಾನುವಾರ ಅವನ ಮಗಳು ಪೂರ್ವಿ ನಮ್ಮ ಮನೆಗೆ ಬಂದಿದ್ದಳು. ವಡೋದರಾದ ಫತೇಗಂಜ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧ ದಾರಿಯಲ್ಲಿ ರೈಲು ಬದಲಿಸುತ್ತದೆ.

“ಅತ್ತಿ, ಲಾವೋ ನಾ, ನಾ ಫಿಲ್ ಮಾಡ್ತೀನಿ. ಒನ್ ಮಿನಿಟ್ ಕಾ ಕಾಮ್.”

“ಸುಮ್ನ ಕುಂದರವಾ. ನೀ ಹುಟ್ಟೂಕಿಂತ ಮೊದಲಿಂದ ಫಾರಂ ತುಂಬಾಕತ್ತೇನಿ ನಾನು!”

ಆ ಒಂದು ನಿಮಿಷ ಅವಳ ಕೈಗೆ ಕೊಟ್ಟಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

ಫಾರಂ ಗುಜರಾತಿಯಲ್ಲಿತ್ತು. ಬಸ್ಸಿನ ಬೋರ್ಡು, ತರಕಾರಿ ಅಂಗಡಿಯ ಹಲಗೆ ಓದುವಷ್ಟು ಗುಜರಾತಿ ನನಗೆ ಬರುತ್ತದೆ. ‘ಜೈನ್’ ಸಿಕ್ಕಿತು, ಒತ್ತಿದೆ. ಅದನ್ನು ಒತ್ತಿದ ಕೂಡಲೇ ಕೆಳಗೆ ಪ್ರಶ್ನೆಗಳ ಸಾಲೇ ಬಿಚ್ಚಿಕೊಂಡಿತು. ಒಂದೊಂದೂ ರೈಲಿನಷ್ಟು ಉದ್ದ. ಪ್ರತಿಯೊಂದರ ಮುಂದೆ ಎರಡು ಗುಂಡಿ. ‘ಹಾ’ ಮತ್ತು ‘ನಾ’. ಹೌದು ಮತ್ತು ಇಲ್ಲ. ಮೊದಲ ಪ್ರಶ್ನೆಯಲ್ಲಿ ಎರಡು ಪದ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ನಾನು ಜೀವನಪೂರ್ತಿ ಕಲಿತ ವಿದ್ಯೆಯನ್ನು ಬಳಸಿದೆ. ಹಾ. ಹಾ. ಹಾ. ಹಾ. ಮುಗಿಯಿತು!

ಫಾರಂ ವಾಪಸ್ ಬರಲಿಲ್ಲ. ನೋಡಿದಿರಾ, ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಓದಿ ಒತ್ತಿದಿಯೇನು?” ಎಂದು ಕೇಳಿದರು. ಅವರಿಗೆ ಮೊದಲಿನಿಂದಲೂ ನನ್ನ ಬುದ್ಧಿಯ ಬಗ್ಗೆ ಹೊಟ್ಟೆಕಿಚ್ಚು.

*

ಹಡಗು ಹತ್ತುವಾಗ ಎಲ್ಲರ ಕೈಗೂ ಒಂದೊಂದು ಪಟ್ಟಿ ಕಟ್ಟಿದರು. ಬೇರೆಯವರಿಗೆ ನೀಲಿ, ನಮಗೆ ಹಳದಿ. ಕೋಣೆಯ ಬಾಗಿಲು ತೆರೆಯುವುದೂ ಅದರಿಂದಲೇ, ಊಟಕ್ಕೆ ಹೋಗುವುದೂ ಅದರಿಂದಲೇ. “ನೋಡ್ರಿ ಮಾಮಾ, ನಮಗ ಬಂಗಾರದ ಬಣ್ಣ” ಎಂದು ಮಲ್ಲೇಶಿ ನಮ್ಮ ಮನೆಯವರಿಗೆ ಕೈ ತೋರಿಸಿದ. ರೇಖಾ ಫೋಟೋ ತೆಗೆದಳು.

ಮಧ್ಯಾಹ್ನದ ಊಟ ನಿಜಕ್ಕೂ ಚೆನ್ನಾಗಿತ್ತು. ಪಟ್ಟಿ ನೋಡಿ ನಮ್ಮನ್ನು ಬೇರೆಯೇ ಒಂದು ಚಿಕ್ಕ ಹಾಲಿಗೆ ಕಳಿಸಿದ್ದರು. ಬಾಳೆಕಾಯಿ ಪಲ್ಯ, ಬಿಸಿ ಫುಲ್ಕಾ, ತುಪ್ಪ. ಅಲ್ಲಿದ್ದವರೆಲ್ಲ ಅಹಮದಾಬಾದಿನಿಂದ ಒಟ್ಟಾಗಿ ಬಂದ ಜೈನ ಕುಟುಂಬಗಳು. ಮಲ್ಲೇಶಿ ಎರಡು ಸಲ ಉಳ್ಳಾಗಡ್ಡಿ ಕೇಳಿದ. ಎರಡು ಸಲವೂ ಬಡಿಸುವವನು ತಮಾಷೆ ಎಂದುಕೊಂಡು ನಕ್ಕು ಹೋದ. “ಏನ್ ಹಡಗವಾ ಇದು, ಉಳ್ಳಾಗಡ್ಡಿನ ಇಲ್ಲ!” ಎಂದು ಮಲ್ಲೇಶಿಯೂ ನಕ್ಕ. ಅದು ಆ ಹಡಗಿನಲ್ಲಿ ಅವನ ಕೊನೆಯ ನಗೆ ಎಂದು ಆಗ ಗೊತ್ತಿರಲಿಲ್ಲ.

ಸಂಜೆ ಐದಕ್ಕೆ ಕೋಣೆಯ ಫೋನ್ ಬಡಿದುಕೊಂಡಿತು. ರಾತ್ರಿ ಊಟ ಸಿದ್ಧವಾಗಿದೆ, ದಯವಿಟ್ಟು ಬನ್ನಿ! “ಐದಕ್ಕ ಊಟ? ಇನ್ನೂ ಚಾ ಇಳದಿಲ್ಲ” ಎಂದು ಮಲ್ಲೇಶಿ ಫೋನ್ ಇಟ್ಟ. ನಾವು ಮೇಲೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿದೆವು. ಅಷ್ಟು ಚೆಂದವಾಗಿ ಮುಳುಗುತ್ತಿದ್ದ. ನಮ್ಮ ಊಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಮುಳುಗುತ್ತಿದ್ದಾನೆ ಎಂದು ಯಾರಿಗೆ ಗೊತ್ತು!

ಎಂಟಕ್ಕೆ ದೊಡ್ಡ ಊಟದ ಹಾಲಿಗೆ ಹೋದೆವು. ಜಾತ್ರೆಯಷ್ಟು ದೀಪ, ಮದುವೆಯಷ್ಟು ಪಾತ್ರೆ. ಮಲ್ಲೇಶಿ ನೇರವಾಗಿ ಪಾವ್ ಭಾಜಿಯ ಕಡೆ ನಡೆದ. ಅಲ್ಲಿ ಹೆಚ್ಚಿದ ಉಳ್ಳಾಗಡ್ಡಿಯ ಗುಡ್ಡವೇ ಇತ್ತು. ಅವನು ಚಮಚ ಎತ್ತಿದ. ಎತ್ತಿದ ಕೈಯನ್ನು ಒಬ್ಬ ಮಧ್ಯವಯಸ್ಸಿನ ಬಡಿಸುವವನು ಮೃದುವಾಗಿ ಹಿಡಿದ.

“ಸರ್, ಇಸ್ ಮೇಂ ಪ್ಯಾಜ್ ಹೈ.”

“ಅದಕ್ಕ ತಗೋಳಾಕತ್ತೇನಿ!”

ಅವನಿಗೆ ಕನ್ನಡ ಬರಲಿಲ್ಲ. ಹಳದಿ ಪಟ್ಟಿ ತೋರಿಸಿ, ಎರಡೂ ಕೈ ಮುಗಿದು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳಿದ: “ಸರ್, ಸೂರ್ಯಾಸ್ತ್ ಹೋ ಗಯಾ.”

ಪೂರ್ವಿ ಮುಂದೆ ಬಂದು ಹಿಂದಿಯಲ್ಲಿ ವಿಚಾರಿಸಿದಳು. ಆಗ ಗೊತ್ತಾಯಿತು. ನಾವು ಐದೂ ಜನ ಕಟ್ಟುನಿಟ್ಟಿನ ಜೈನರೆಂದೂ, ಹೊತ್ತು ಮುಳುಗಿದ ಮೇಲೆ ಕುದಿಸಿ ಆರಿಸಿದ ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲವೆಂದೂ ಹಡಗಿಗೆ ಲಿಖಿತವಾಗಿ ತಿಳಿಸಲಾಗಿದೆ. ಹಡಗು ನಮ್ಮ ವ್ರತವನ್ನು ಪ್ರಾಣ ಕೊಟ್ಟಾದರೂ ಕಾಪಾಡುತ್ತದೆ!

ನಾಲ್ಕು ಜೋಡಿ ಕಣ್ಣು ನನ್ನ ಕಡೆ ತಿರುಗಿದವು.

“ಅಕ್ಕಾ, ಫಾರಂ ನೀನ ಅಲ್ಲ ತುಂಬಿದ್ದು?”

ಇಲ್ಲಿ ನಾನು ಬಾಯಿ ಬಿಟ್ಟು ‘ಹೌದು’ ಎನ್ನಬೇಕಿತ್ತು. ಎಲ್ಲ ಕಡೆ ಹೌದು ಎಂದ ಬಾಯಿ, ಬೇಕಾದ ಜಾಗದಲ್ಲಿ ಕೈ ಕೊಟ್ಟಿತು.

“ನಾ ಸಾದಾ ಶಾಕಾಹಾರಿ ಅಂತ ಒತ್ತಿದ್ದೆಪಾ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಆ ಹಸಮುಖ್‌ಭಾಯಿನ ಬದಲಿ ಮಾಡಿರಬೇಕು. ಎಲ್ಲಾರನ್ನೂ ಒಂದ ಗುಂಪಿನಾಗ ಹಾಕ್ಯಾರ.”

ರೇಖಾ ಅನುಮಾನದಿಂದ, “ಅಕ್ಕಾರ, ಎಲ್ಲೆರೆ ಕೈ ತಪ್ಪಿ…” ಎಂದಳು.

ಮಲ್ಲೇಶಿ ಅವಳ ಮೇಲೆ ಹರಿಹಾಯ್ದ. “ನಮ್ಮಕ್ಕ ಹೇಳಿದ್ರ ಮುಗೀತು. ಆಕಿ ಇವತ್ತಿನ ತನಕ ನನ್ನ ಮುಂದ ಸುಳ್ಳ ಹೇಳಿಲ್ಲ.”

ಹಡಗು ಆಗ ಅಲುಗಾಡಿತು ಎಂದು ಎಲ್ಲರೂ ಹೇಳಿದರು. ನನಗೆ ಗೊತ್ತಾಗಲಿಲ್ಲ. ನಾನು ಅದಕ್ಕಿಂತ ಮೊದಲೇ ಅಲುಗಾಡುತ್ತಿದ್ದೆ.

ಮಲ್ಲೇಶಿ ಸ್ವಾಗತದ ಕಟ್ಟೆಗೆ ಹೋಗಿ ದೂರು ಬರೆಸಿದ. ನಾಳೆ ಸಂಜೆಯೊಳಗೆ ಬದಲಿಸುತ್ತೇವೆ, ನಿಮ್ಮ ಟೇಬಲ್ಲಿನ ಊಟಕ್ಕೆ ತೊಂದರೆ ಇಲ್ಲ ಎಂದರು. ಅಷ್ಟಕ್ಕೆ ಬಿಡದೆ, ಫೋನಿನಲ್ಲಿ ಉಳಿದಿದ್ದ ಒಂದು ಕಡ್ಡಿ ನೆಟ್‌ವರ್ಕ್ ಹಿಡಿದು ಹಸಮುಖ್‌ಭಾಯಿಗೆ ಮಾತಿನ ಸಂದೇಶ ಕಳಿಸಿದ. ಸಿಟ್ಟಿನಲ್ಲಿ ಅದನ್ನು ಅವರೊಬ್ಬರಿಗೆ ಕಳಿಸದೆ ಇಡೀ ಬಿಲ್ಡಿಂಗಿನ ಗುಂಪಿಗೆ ಕಳಿಸಿದ. “ಊಟ ಮಾಡಿದರೆ ಸೂರತ್‌ನಲ್ಲಿ ಮಾಡಬೇಕು ಅಂತೀರಿ. ನೀವು ಸೂರತ್‌ನವರಾಗಿ, ನಮ್ಮ ಅಕ್ಕನನ್ನ ಅರವತ್ತನೇ ವರ್ಷಕ್ಕೆ ಉಪವಾಸ ಕೆಡವಿದಿರಿ” ಎಂದು ಹಿಂದಿಯಲ್ಲಿ ಶುರುವಾಗಿ ಅದು ಎಲ್ಲೆಲ್ಲಿಗೋ ಹೋಯಿತು. ಸೂರತ್‌ನವನಿಗೆ ಊಟದ ಬಗ್ಗೆ ಬೈಯುವುದೆಂದರೆ ನಮ್ಮ ಕಡೆ ರೊಟ್ಟಿ ಬರುವುದಿಲ್ಲ ಎಂದು ಅತ್ತೆ ಸೊಸೆಗೆ ಬೈದ ಹಾಗೆ. ಸಂದೇಶ ಹೋಯಿತು. ನೆಟ್‌ವರ್ಕೂ ಹೋಯಿತು.

ಹಸಿವಿಗೆ ಅಂಗಡಿಯಲ್ಲಿ ವೇಫರ್ ಕೇಳಿದೆವು. ಅಂಗಡಿಯವಳು ಹಳದಿ ಪಟ್ಟಿ ನೋಡಿ, ಆಲೂಗಡ್ಡೆ ಇದೆ ಎಂದು ನಮ್ಮ ಪಾಪ ತಪ್ಪಿಸಿದಳು. ನಮ್ಮ ಮನೆಯವರು ಪಟ್ಟಿ ಕತ್ತರಿಸಿಬಿಡೋಣ ಎಂದರು. ಕತ್ತರಿಸಿದರೆ ಕೋಣೆಯ ಬಾಗಿಲು ತೆರೆಯುವುದಿಲ್ಲ! ಐದು ಜನ ನೀರು ಕುಡಿದು ಮಲಗಿದೆವು.

*

ಮರುದಿನ ಬೆಳಿಗ್ಗೆ ಜೈನ ಊಟದ ಹಾಲಿನಲ್ಲಿ ಒಬ್ಬ ಅಜ್ಜಿ ಮಲ್ಲೇಶಿಯ ತಲೆಯ ಮೇಲೆ ಕೈ ಇಟ್ಟು, “ಖೂಬ್ ಖೂಬ್ ಅನುಮೋದನಾ!” ಎಂದು ವ್ರತವನ್ನು ಮೆಚ್ಚಿ ಹರಸಿದರು. ರಾತ್ರಿ ಅವನು ಬರಿ ನೀರು ಕುಡಿದದ್ದನ್ನು ಅವರು ಕೇಳಿದ್ದರಂತೆ. ತಮ್ಮ ಮೊಮ್ಮಕ್ಕಳು ಕದ್ದು ಪಿಜ್ಜಾ ತಿನ್ನುವ ಕಾಲದಲ್ಲಿ, ಜೈನನಲ್ಲದೆಯೂ ಇಷ್ಟು ನಿಷ್ಠೆಯೇ, ಎಂದು ಕಣ್ಣು ಒರೆಸಿಕೊಂಡರು. ತಮ್ಮ ಚೀಲದಿಂದ ಹಪ್ಪಳದಂಥ ಗರಿಗರಿ ಖಾಖ್ರಾ ತೆಗೆದು ಅವನ ಕೈಗಿಟ್ಟರು. ಮಲ್ಲೇಶಿ ಅವರ ಕಾಲು ಮುಟ್ಟಿದ. ಮಾಡದ ಪುಣ್ಯಕ್ಕೆ ತಮ್ಮ ಆಶೀರ್ವಾದ ಪಡೆದ. ಮಾಡಿದ ಪಾಪ ಇಟ್ಟುಕೊಂಡು ಅಕ್ಕ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದಳು.

ಆಮೇಲೆ ಮೇಲಿನ ಅಂಗಳದಲ್ಲಿ ಸಭೆಯೇ ಸೇರಿತು. ವಿಷಯ: ಹಡಗುಗಳ ಊಟ ಕೆಡುತ್ತಿದೆಯೇ? ವಡೋದರಾದ ಒಬ್ಬ ನಿವೃತ್ತ ಮೇಷ್ಟ್ರು ಮೊದಲೆಲ್ಲ ಸೌಟು ದೊಡ್ಡದಿತ್ತು ಎಂದರು. ಇನ್ನೊಬ್ಬರು, ಹೋದ ಸಲ ಪನೀರ್ ಹುಡುಕದೆ ಸಿಗುತ್ತಿತ್ತು ಎಂದರು. ಮೂರನೆಯವರು ಎರಡು ತಟ್ಟೆ ಮುಗಿಸಿ ಮೂರನೆಯದನ್ನು ಹಿಡಿದು, ಬಾಯಿ ತುಂಬ ಇಟ್ಟುಕೊಂಡು, ತಿನ್ನಲು ಆಗುವುದೇ ಇಲ್ಲ ಎಂದು ಒಪ್ಪಿದರು. ಮಲ್ಲೇಶಿ ಎದ್ದು ನಿಂತ.

“ಕ್ವಾಲಿಟಿ ಖತಂ! ಗ್ರಾಹಕನಿಗೆ ಮರ್ಯಾದೆ ಇಲ್ಲ, ಏಜೆಂಟನಿಗೆ ಮಾನ ಇಲ್ಲ. ನಮ್ಮ ಅಕ್ಕನನ್ನೇ ಕೇಳಿ, ಇಪ್ಪತ್ತು ಮನೆ ಊಟ ನೋಡಿದವಳು.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಭೀರವಾಗಿ ತಲೆ ಆಡಿಸಿದೆ. ಹಡಗಿನ ಅಡುಗೆಯ ಪತನಕ್ಕೆ ನಾನು ಸಾಕ್ಷಿ! ಕಾರಣವೂ ನಾನೇ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆದರೆ ಹೊಟ್ಟೆಯೊಳಗೆ ಹಸಮುಖ್‌ಭಾಯಿ ಕುಳಿತಿದ್ದರು. ಖಾಖ್ರಾ ಇಳಿದರೂ ಅವರು ಇಳಿಯುತ್ತಿರಲಿಲ್ಲ. ಯಾರಿಗೂ ಗೊತ್ತಾಗದಂತೆ ನಾನೇ ಸರಿಪಡಿಸಿಬಿಡುತ್ತೇನೆ, ಆಮೇಲೆ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ನಿಶ್ಚಯಿಸಿ, ಒಬ್ಬಳೇ ಸ್ವಾಗತದ ಕಟ್ಟೆಗೆ ಹೋದೆ. ಅಲ್ಲಿದ್ದ ಹುಡುಗಿಗೆ ನನ್ನ ಹಿಂದಿಯಲ್ಲಿ, “ವೋ ಫಾರಂ ಮೈಂನೇ ಭರಾ. ಫಿರ್ ಸೆ ಭರೂಂಗಿ” ಎಂದೆ, ಅಂದರೆ ಅದನ್ನು ತುಂಬಿದವಳು ನಾನೇ, ಮತ್ತೆ ತುಂಬುತ್ತೇನೆ ಎಂದು. ಅವಳು ಮುಗುಳ್ನಕ್ಕು, ಒಂದು ಹಲಗೆಯಂಥ ಫೋನು ಕೈಗೆ ಕೊಟ್ಟು, ಹಿಂದೆ ನಿಂತಿದ್ದ ಸಾಲಿನ ಕಡೆ ತಿರುಗಿದಳು.

ಈ ಸಲ ಇಂಗ್ಲಿಷ್. ಪ್ರಶ್ನೆಗಳು ಗುಜರಾತಿಗಿಂತ ಉದ್ದ. ಮುಂದೆ ಎರಡು ಗುಂಡಿ, ಯೆಸ್ ಮತ್ತು ನೋ. ಅವೆರಡು ನನಗೆ ಗೊತ್ತು. ಇಲ್ಲಿ ಪೂರ್ವಿಯನ್ನು ಕರೆಯಬೇಕಿತ್ತು. ಕರೆದರೆ ಗುಟ್ಟು ರಟ್ಟು. ನಾನು ಆಳವಾಗಿ ವಿಚಾರ ಮಾಡಿದೆ. ಮೊದಲ ಸಲ ಎಲ್ಲದಕ್ಕೂ ಹೌದು ಎಂದು ಕೆಟ್ಟೆ. ಅಂದಮೇಲೆ ಈ ಸಲ?

ನೋ. ನೋ. ನೋ. ನೋ.

ಮನುಷ್ಯ ಅನುಭವದಿಂದ ಕಲಿಯುತ್ತಾನೆ ಎನ್ನುವುದಕ್ಕೆ ನಾನೇ ಉದಾಹರಣೆ ಎಂದು ಹೆಮ್ಮೆಪಟ್ಟೆ. ಕೊನೆಗೆ ಸಹಿ ಕೇಳಿತು. ಬೆರಳಿನಿಂದ, ಗುಂಡಗೆ, ಕನ್ನಡದಲ್ಲಿ ‘ನೀಲವ್ವ’ ಎಂದು ಬರೆದೆ. ಹುಡುಗಿ ಅದನ್ನು ನೋಡಿ, ಎದೆಯ ಮೇಲೆ ಕೈ ಇಟ್ಟು, “ರೆಸ್ಪೆಕ್ಟ್, ಮ್ಯಾಮ್” ಎಂದಳು. ಈಗಿನ ಕಾಲದಲ್ಲಿ ತಪ್ಪು ತಿದ್ದಿಕೊಳ್ಳುವವರಿಗೆ ಎಷ್ಟು ಗೌರವ ಕೊಡುತ್ತಾರೆ ಎಂದುಕೊಂಡೆ!

*

ಸಂಜೆ ಐದರ ಕರೆ ಬಂತು. ನಾವು ಈ ಸಲವೂ ಹೋಗದೆ ಫೋನ್ ಇಟ್ಟೆವು. ಹಸಿವನ್ನು ಎಂಟಕ್ಕೆಂದು ಕಾಪಾಡಿಕೊಂಡೆವು.

ರೇಖಾ ನನಗೆ ಇಳಕಲ್ ಸೀರೆ ಉಡಿಸಿದಳು. ಮಲ್ಲೇಶಿ ಇಸ್ತ್ರಿ ಅಂಗಿ ಹಾಕಿದ. ಕಿಟಕಿಯ ಪಕ್ಕದ ಟೇಬಲ್ಲು, ಮಲ್ಲಿಗೆ ಹೂ, ಬಿಳಿ ಬಟ್ಟೆ. ಮಲ್ಲೇಶಿ ಕುರ್ಚಿ ಎಳೆದು ನನ್ನನ್ನು ನಡುವೆ ಕೂರಿಸಿದ. ಕೂರಿಸಿ, ನನ್ನ ಎರಡೂ ಕೈಗಳನ್ನು ಎತ್ತಿ ನನ್ನದೇ ತೊಡೆಯ ಮೇಲೆ ಇಟ್ಟ.

“ಇವ ಕೈ ಇವತ್ತ ಇಲ್ಲಿಂದ ಏಳಬಾರದು. ನಲವತ್ತೆಂಟ ವರ್ಷ ಆತು ಅಕ್ಕಾ, ಇವತ್ತ ನಾ ಹಾಕ್ತೀನಿ, ನೀ ಉಣ್ಣು.”

ಆಗ ಬಡಿಸುವವರು ಸಾಲಾಗಿ ಬಂದರು. ಮುಂದಿನವನು ಬಿಳಿ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಬಣ್ಣದ ಹೂಜಿಯನ್ನು ಮಗುವಿನಂತೆ ಎತ್ತಿಕೊಂಡಿದ್ದ. ಐದು ಎತ್ತರದ ಗಾಜಿನ ಲೋಟಗಳನ್ನು ಇಟ್ಟ. ಒಂದು ಹನಿಯೂ ಚೆಲ್ಲದಂತೆ ತುಂಬಿದ. ಹಬೆ ಎದ್ದಿತು.

ಬಿಸಿನೀರು!

ಹಿಂದೆಯೇ ಕೇಕ್ ಬಂತು. ಮೇಲೆ ‘ಅಕ್ಕ 60’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ನಮ್ಮೆಲ್ಲರಿಗೂ ಒಂದು ಸುತ್ತು ತೋರಿಸಿದರು. ಚಪ್ಪಾಳೆ ತಟ್ಟಿದರು. ಸೂರ್ಯಾಸ್ತ ಆಗಿದೆಯಲ್ಲ ಎಂದು ವಾಪಸ್ ಒಯ್ದರು!

ಮಲ್ಲೇಶಿ ಎದ್ದ. ಅವನ ದನಿ ಹಾಲಿನ ಆ ತುದಿಗೆ ಮುಟ್ಟಿತು. ಊಟದ ವಿಭಾಗದ ಮ್ಯಾನೇಜರ್ ಓಡಿಬಂದರು. ತಲೆ ನೆರೆತ, ಬಹಳ ಸೌಮ್ಯ ಮನುಷ್ಯ. ಕೈಯಲ್ಲಿ ಎರಡು ಕಾಗದ.

“ಸರ್, ನಿಮ್ಮ ದೂರು ಬಂದಿತ್ತು. ನಾವು ಬದಲಿಸಲು ಸಿದ್ಧರಿದ್ದೆವು. ಆದರೆ ಫಾರಂ ತುಂಬಿದವರೇ ಬೆಳಿಗ್ಗೆ ಬಂದು ಬೇಡ ಎಂದು ಸಹಿ ಮಾಡಿ ಹೋಗಿದ್ದಾರೆ” ಎಂದು ಹಿಂದಿಯಲ್ಲಿ ಹೇಳಿ, ಓದತೊಡಗಿದರು.

“ಮೊದಲ ಫಾರಂ. ಊಟ: ಜೈನ್. ಗಡ್ಡೆ ಗೆಣಸು ಬಿಡುತ್ತೀರಾ? ಹೌದು. ಸೂರ್ಯಾಸ್ತದ ನಂತರ ಆಹಾರ ಬಿಡುತ್ತೀರಾ? ಹೌದು. ಕುದಿಸಿದ ನೀರು ಮಾತ್ರವೇ? ಹೌದು. ನಿಮ್ಮ ಕುಟುಂಬದವರು ಯಾರಾದರೂ ನಿಯಮ ಮುರಿಯಲು ಹೋದರೆ ಸಿಬ್ಬಂದಿ ನೆನಪಿಸಬೇಕೇ? ಹೌದು.”

ಅವರು ಎರಡನೇ ಕಾಗದ ಮೇಲೆ ತೆಗೆದುಕೊಂಡರು.

“ಇವತ್ತಿನ ಫಾರಂ. ಊಟದ ವ್ಯವಸ್ಥೆ ಬದಲಿಸಬೇಕೇ? ಇಲ್ಲ. ನಿನ್ನೆಯ ದೂರು ಮುಂದುವರಿಸಬೇಕೇ? ಇಲ್ಲ. ಇಂದು ರಾತ್ರಿ ಎಂಟಕ್ಕೆ ಊಟ ಬೇಕೇ? ಇಲ್ಲ. ಈ ವಿಷಯದಲ್ಲಿ ಇನ್ನೇನಾದರೂ ಹೇಳುವುದಿದೆಯೇ? ಇಲ್ಲ.” ಅವರು ಕಾಗದ ತಿರುಗಿಸಿದರು. “ಇದು ಸಹಿ. ನಮಗೆ ಯಾರಿಗೂ ಓದಲು ಬರಲಿಲ್ಲ.”

ಪೂರ್ವಿಗೆ ಕನ್ನಡ ಓದಲು ಬರುವುದಿಲ್ಲ. ರೇಖಾ ಹುಟ್ಟಿ ಬೆಳೆದದ್ದು ಸೊಲ್ಲಾಪುರ, ಓದಿದ್ದು ಮರಾಠಿ. ನಮ್ಮ ಮನೆಯವರ ಕನ್ನಡಕ ಕೋಣೆಯಲ್ಲಿತ್ತು. ಆ ಇಡೀ ಹಡಗಿನಲ್ಲಿ ಆ ಸಹಿಯನ್ನು ಓದಬಲ್ಲವನು ನನ್ನ ತಮ್ಮ ಒಬ್ಬನೇ. ಆ ಅಕ್ಷರಗಳನ್ನು ಅವನ ಪಾಟಿಯ ಮೇಲೆ ತಿದ್ದಿಸಿ ಕಲಿಸಿದವಳು ನಾನೇ.

ಅವನು ಓದಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ. ಮ್ಯಾನೇಜರಿಗೆ, “ಸಾರಿ ಸರ್, ತಪ್ಪು ನಮ್ಮದೇ” ಎಂದ. ಕುಳಿತ. ಅವನು ನನ್ನನ್ನು ಬೈದಿದ್ದರೆ ನಾನು ಬದುಕುತ್ತಿದ್ದೆ. ಬೈಯಲಿಲ್ಲ. ಲೋಟವನ್ನು ನನ್ನ ಕಡೆ ಸರಿಸಿದ.

“ಅಕ್ಕಾ, ಕುಡಿ. ಆರತೈತಿ.”

ಕುಡಿದೆ. ನನ್ನ ಕೈ ಏಳಬಾರದು ಎಂದಿದ್ದನಲ್ಲ, ಲೋಟ ಅವನೇ ಹಿಡಿದಿದ್ದ.

ಲೋಟ ಕೆಳಗಿಟ್ಟು, ಕಿಟಕಿ ನೋಡುತ್ತ ಒಂದೇ ಮಾತು ಕೇಳಿದ. “ಒತ್ತಿದ್ದು ಹೋಗ್ಲಿ. ಹಸಮುಖ್‌ಭಾಯಿ ಹೆಸರ ಯಾಕ ಹೇಳಿದಿ?”

ಮ್ಯಾನೇಜರು ಓದಿದ ಯಾವ ಪ್ರಶ್ನೆಯೂ ಇಷ್ಟು ಉದ್ದ ಇರಲಿಲ್ಲ. ಇದಕ್ಕೆ ‘ಹೌದು’, ‘ಇಲ್ಲ’ ಎಂಬ ಎರಡೂ ಗುಂಡಿ ಇರಲಿಲ್ಲ.

“ನಿನ್ನ ಮುಂದ ಸಣ್ಣಾಕಿ ಆಗಾಕ ನಾಚಿಕಿ ಬಂತಪಾ” ಎಂದೆ.

ಅವನು ತಲೆ ಆಡಿಸಿದ. ಹೌದು ಎಂದೋ ಇಲ್ಲ ಎಂದೋ ಗೊತ್ತಾಗಲಿಲ್ಲ.

*

ಮುಂಬೈ ಹತ್ತಿರವಾದಂತೆ ನೆಟ್‌ವರ್ಕ್ ಬಂತು. ಬಿಲ್ಡಿಂಗಿನ ಗುಂಪಿನಲ್ಲಿ ಹಸಮುಖ್‌ಭಾಯಿ ಬೈಗುಳಕ್ಕೆ ಉತ್ತರ ಕೊಟ್ಟಿದ್ದರು. ಎಲ್ಲರ ಮುಂದೆ ಕ್ಷಮೆ ಕೇಳಿದ್ದರು. “ತಪ್ಪು ನನ್ನಿಂದಲೇ ಆಗಿರಬೇಕು. ಮಲ್ಲೇಶ್‌ಭಾಯಿಯ ಅಕ್ಕ ನನಗೂ ಅಕ್ಕ. ಅವರು ಉಪವಾಸ ಇದ್ದರು ಎಂದು ಕೇಳಿ ನನಗೂ ಊಟ ಸೇರಲಿಲ್ಲ.” ನನ್ನ ಪಾಪಕ್ಕೆ ಅವರು ಕ್ಷಮೆ ಕೇಳಿದ್ದಲ್ಲದೆ ಉಪವಾಸವನ್ನೂ ಮಾಡಿದ್ದರು!

ಅಡಾಜಣ್ ಮುಟ್ಟಿದವಳೇ ಚೀಲ ಕೆಳಗಿಡದೆ ಮೇಲಿನ ಮಹಡಿಗೆ ಹತ್ತಿದೆ. ಮಲ್ಲೇಶಿ ಹಿಂದೆ ಬಂದ. ಹಸಮುಖ್‌ಭಾಯಿ ಬಾಗಿಲು ತೆರೆದು, “ಆವೋ ಬೆನ್, ಆವೋ” ಎಂದು, ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಕ್ಷಮೆ ಕೇಳಲು ಶುರು ಮಾಡಿದರು.

“ಭಾಯಿ, ನಿಲ್ಲಿಸಿ” ಎಂದೆ ನನ್ನ ಮುರುಕು ಗುಜರಾತಿಯಲ್ಲಿ. “ಜೈನ್ ಅಂತ ಒತ್ತಿದ್ದು ನಾನು. ಎಲ್ಲದಕ್ಕೂ ಹಾ ಅಂತ ಒತ್ತಿದ್ದು ನಾನು. ನಿಮ್ಮ ಹೆಸರು ಹೇಳಿದ್ದೂ ನಾನು. ನನ್ನ ತಮ್ಮ ನನ್ನನ್ನ ನಂಬಿ ನಿಮ್ಮನ್ನ ಬೈದ.”

ಅವರು ನನ್ನನ್ನೂ ಮಲ್ಲೇಶಿಯನ್ನೂ ನೋಡಿದರು. ಮಲ್ಲೇಶಿ ನೆಲ ನೋಡುತ್ತಿದ್ದ. ನಾನು ಅಲ್ಲೇ ನಿಂತು, ಅದೇ ಮಾತನ್ನು ಬಿಲ್ಡಿಂಗಿನ ಗುಂಪಿಗೂ ಹೇಳಿದೆ. ಫೋನ್ ಹಿಡಿದಿದ್ದವನು ಮಲ್ಲೇಶಿ. ನನ್ನ ಗುಜರಾತಿ ವ್ಯಾಕರಣ ಕೇಳಿ ಎಲ್ಲ ಮಹಡಿಗಳಲ್ಲೂ ಬಾಗಿಲು ತೆರೆದುಕೊಂಡವು.

ಹಸಮುಖ್‌ಭಾಯಿಯ ಹೆಂಡತಿ ನೀರು ತಂದುಕೊಟ್ಟರು. ತಣ್ಣೀರು. ಹಸಮುಖ್‌ಭಾಯಿ ನನಗೆ ಕುರ್ಚಿ ಎಳೆದು ಹಾಕಿ, ಆಮೇಲೆ ಏಜೆಂಟರ ದನಿಯಲ್ಲಿ ಮೆಲ್ಲಗೆ ಕೇಳಿದರು: “ಬೆನ್, ಅದು ಹೋಗಲಿ. ಎಲ್ಲ ಗಿರಾಕಿಗಳೂ ಕೇಳುತ್ತಾರೆ. ಹಡಗಿನ ಊಟ ನಿಜವಾಗಿ ಕೆಟ್ಟಿದೆಯೇ?”

“ಹೊತ್ತು ಮುಳುಗುವ ಮೊದಲು ಚೆನ್ನಾಗಿದೆ ಭಾಯಿ. ಮುಳುಗಿದ ಮೇಲೆ ನೀರು ಮಾತ್ರ ಕುಡಿದೆ. ನೀರಿಗೆ ಏನೂ ಹೆಸರಿಡುವ ಹಾಗಿಲ್ಲ.”

ಅವರು ನಕ್ಕರು. ಮಲ್ಲೇಶಿ ನಗಲಿಲ್ಲ.

ಆ ಸಂಜೆ ಅಭ್ಯಾಸಬಲದಿಂದ ನಾನು ಅವರ ಅಡುಗೆಮನೆಯ ಕಡೆ ಹೆಜ್ಜೆ ಇಟ್ಟೆ. ಬಾಗಿಲಲ್ಲಿ ಮಲ್ಲೇಶಿ ಸೌಟು ಹಿಡಿದು ನಿಂತಿದ್ದ.

“ಕುಂದರು.”

ಕುಳಿತೆ. ರೇಖಾಳನ್ನೂ ಒಳಗೆ ಬಿಡದೆ ಅವನೇ ಕಡಲೆಹಿಟ್ಟಿನ ಝುಣಕ ಮಾಡಿದ. ನಮ್ಮ ಜೋಳದ ರೊಟ್ಟಿ ಸೂರತ್‌ನಲ್ಲಿ ಸಿಗದೆ ಗೋಧಿಯ ಭಾಖ್ರಿ ತರಿಸಿದ್ದ. ತಾಟು ನನ್ನ ಮುಂದೆ ಇಟ್ಟು, ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟು, ಮೂರು ದಿನದ ಸಿಟ್ಟನ್ನೆಲ್ಲ ಕೂಡಿಸಿ ಒಂದು ಗುದ್ದು ಗುದ್ದಿದ. ಅದು ನಾಲ್ಕು ಚೂರಾಗಿ ಒಂದು ಚೂರು ಸೋಫಾದ ಕೆಳಗೆ ಹೋಯಿತು. ಹೊರಗೆ ಹೊತ್ತು ಮುಳುಗಿ ಒಂದು ಗಂಟೆಯಾಗಿತ್ತು.

ತುತ್ತು ಬಾಯಿಗಿಟ್ಟೆ.

“ಉಪ್ಪ ಸರಿ ಐತೇನು?” ಎಂದ. ನನ್ನ ಬಾಯಿ ತಾನಾಗಿ ತೆರೆಯುವುದನ್ನು ನೋಡಿ ಬೆರಳೆತ್ತಿದ. “ಖರೇ ಹೇಳು ಅಕ್ಕಾ.”

“ಇಲ್ಲಪಾ. ಉಪ್ಪ ಹಾಕೇ ಇಲ್ಲ.”

ಮಲ್ಲೇಶಿ ನಕ್ಕ. ಪಾವ್ ಭಾಜಿಯ ಮುಂದೆ ಕಳೆದುಹೋಗಿದ್ದ ಆ ನಗೆ ಸೂರತ್‌ನಲ್ಲಿ ಸಿಕ್ಕಿತು. ಅರವತ್ತು ವರ್ಷಕ್ಕೆ ಕೊನೆಗೂ ಸರಿಯಾದ ಗುಂಡಿ ಒತ್ತಿದೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಅವನು ಒಳಗೆ ಓಡಿ, ಡಬ್ಬಿ ತಂದು, ತನ್ನ ಕೈಯಾರೆ ಝುಣಕದ ಮೇಲೆ ಉದುರಿಸಿ, ಚೆನ್ನಾಗಿ ಕಲಸಿ, ನಾಲ್ಕು ವರ್ಷದವನ ಮುಖ ಮಾಡಿಕೊಂಡು ನನ್ನ ಎದುರಿಗೆ ಕುಳಿತ.

“ಈಗ?”

ಅವನು ಹಾಕಿದ್ದು ಸಕ್ಕರೆ.

“ಹಾ!” ಎಂದೆ.